ಕೂಸಿನ ಮೊದಲ ರಾಗಿ ಸರಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಂದಿನ ವಾರ ಕೂಸಿಗೆ ಆರು ತಿಂಗಳು ತುಂಬುತ್ತದೆ ಅಂತ ನಿಮ್ಮಮ್ಮ ಹೇಳಿದಳು. ಹೊರನಾಡಿನ ಅನ್ನಪೂರ್ಣೇಶ್ವರಿ ಗುಡಿಯಲ್ಲಿ ಅನ್ನಪ್ರಾಶನವಂತೆ, ಸಂತೋಷ. ಅಲ್ಲಿ ನಾಲಿಗೆಗೆ ಮುಟ್ಟಿಸುವುದು ಶಾಸ್ತ್ರಕ್ಕೆ. ನಿಜವಾದ ಊಟ ಶುರುವಾಗುವುದು ಮನೆಯಲ್ಲಿ, ರಾಗಿ ಸರಿಯಿಂದ.

ಸರಿಹಿಟ್ಟು ನೀನೇ ಮಾಡಿಕೋ. ರಾಗಿ ಚೆನ್ನಾಗಿ ತೊಳೆದು ರಾತ್ರಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟು. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಗರಿಗರಿ ಒಣಗಿಸಿ, ಸಣ್ಣ ಉರಿಯಲ್ಲಿ ಹದವಾಗಿ ಹುರಿ. ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಸೋಸು. ಮೊಳಕೆ ಕಟ್ಟಿಸುವುದು ಸುಮ್ನೆ ಅಲ್ಲ. ಮೊಳೆತ ರಾಗಿ ಬೇಯುವಾಗ ಅಷ್ಟು ಗಟ್ಟಿಯಾಗುವುದಿಲ್ಲ, ಹಾಗಾಗಿ ಅದೇ ನೀರಿಗೆ ಹಿಟ್ಟು ಜಾಸ್ತಿ ಹಾಕಬಹುದು. ಹುರಿದು ಕರಿ ಮಾಡಿದರೆ ಆ ಗುಣವೇ ಹೋಯಿತು.

ನಾನು ಒತ್ತಿ ಹೇಳುವುದು ಇದೊಂದೇ: ನೀರು ನೀರಾಗಿ ಮಾಡಬೇಡ. ಜೀರ್ಣವಾಗಲ್ಲ ಅಂತ ಹೆದರಿ ಎಲ್ಲರೂ ಮಾಡುವುದು ಅದನ್ನೇ. ಅಂಗೈಯಷ್ಟು ಹೊಟ್ಟೆಗೆ ನೀರೇ ತುಂಬಿದರೆ ಊಟಕ್ಕೆ ಜಾಗವೆಲ್ಲಿ? ಚಮಚ ಓರೆ ಮಾಡಿದರೆ ಸರಿ ಹರಿದುಹೋಗದೆ ನಿಲ್ಲಬೇಕು. ಬೇಳೆಯೂ ಅಷ್ಟೇ, ಕಟ್ಟು ಕುಡಿಸಬೇಡ, ಬೇಳೆಯನ್ನೇ ಕಿವುಚಿ ಕೊಡು. ಬಾಟಲಿ ಅಂತೂ ಬೇಡವೇ ಬೇಡ.

ಮೊದಲು ಹೊತ್ತಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ ಸಾಕು. ನಾಲಿಗೆಯಲ್ಲಿ ಹೊರಗೆ ತಳ್ಳಿದರೆ ಬೇಸರಪಡಬೇಡ, ಅದು ಇನ್ನೂ ನುಂಗುವುದನ್ನು ಕಲಿಯುತ್ತಿದೆ. ಮುಖ ತಿರುಗಿಸಿದರೆ ಬಿಟ್ಟುಬಿಡು, ಮೂಗು ಹಿಡಿದು ತುರುಕುವ ಕಾಲ ಹೋಯಿತು. ಎದೆಹಾಲು ಮಾತ್ರ ನಿಲ್ಲಿಸಬೇಡ, ಎರಡು ವರ್ಷದವರೆಗೂ ಕೊಡು. ಆದರೆ ಈಗ ಹಾಲೊಂದರಿಂದಲೇ ಕಬ್ಬಿಣದಂಶ ಸಾಲದು. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುತ್ತೀರಲ್ವಾ, ಚೆನ್ನಾಗಿ ಬೇಯಿಸಿ ಮಸೆದು ಕೊಡು. ಸೊಪ್ಪು, ಬೇಳೆ, ಒಂದು ತೊಟ್ಟು ತುಪ್ಪ ದಿನಾ ಇರಲಿ. ಹೊಸದನ್ನು ಒಂದೊಂದಾಗಿ ಕೊಟ್ಟು ಎರಡು ದಿನ ನೋಡು.

ನಿಮ್ಮತ್ತೆ ಜೇನು ನೆಕ್ಕಿಸೋಣ ಅಂದಾರು. ವರ್ಷ ತುಂಬುವವರೆಗೆ ಜೇನು ಕೂಡದು, ಅದರಿಂದ ಕೂಸಿನ ನರಗಳಿಗೇ ಪೆಟ್ಟು ಬೀಳುವ ಕಾಯಿಲೆ ಬರಬಹುದು. ನೀನು ಜಗಳ ಆಡಬೇಡ, ದೊಡ್ಡಮ್ಮ ಬೈತಾಳೆ ಅಂತ ಹೇಳು. ಉಪ್ಪು, ಕುಡಿಯಲು ಹಸುವಿನ ಹಾಲು, ಇವೂ ವರ್ಷದ ನಂತರವೇ. ಸಕ್ಕರೆ ಎರಡು ವರ್ಷದವರೆಗೆ ಬೇಡ. ಇಡೀ ಕಡಲೆಬೀಜ, ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಕೈಗೆ ಸಿಗದ ಹಾಗೆ ಇಡು.

ಮೊದಲ ಸಲಕ್ಕೆ ಅರ್ಧ ಕೆಜಿ ಸರಿಹಿಟ್ಟು ನಿಮ್ಮ ದೊಡ್ಡಪ್ಪನ ಕೈಯಲ್ಲಿ ಕಳಿಸಿದ್ದೇನೆ. ಒದ್ದೆ ಚಮಚ ಹಾಕಬೇಡ, ಹುಳು ಹಿಡಿಯುತ್ತದೆ. ಡಬ್ಬಿ ವಾಪಸ್ ಕಳಿಸು.

ಇಂತಿ,
ದೊಡ್ಡಮ್ಮ