ಪಟ್ಟಿಯಲ್ಲಿ ಇಲ್ಲದ ಹೆಸರು

ಮಾನ್ಯ ಸಂಪಾದಕರೇ,

ಮತದಾರರ ಪಟ್ಟಿಯ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ನನಗೆ 2024ರ ಮೇ 7ರ ಬೆಳಗು ನೆನಪಾಗುತ್ತದೆ. ಅಂದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಮತದಾನ; ನಮ್ಮ ಗದಗ ವಿಧಾನಸಭಾ ಕ್ಷೇತ್ರವೂ ಅದರಲ್ಲಿಯೇ ಸೇರಿದೆ. ನಾನು ಬೆಟಗೇರಿಯ ನೇಕಾರರ ಮನೆಯವಳು. ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವ ನಮಗೆ ಮಗ್ಗ ನಿಂತರೆ ಆ ದಿನದ ಗಳಿಕೆಯೂ ನಿಂತಂತೆಯೇ. ಆದರೂ ಮನೆಯವರೆಲ್ಲರೂ ಮತ ಹಾಕಿ ಬರುವ ತನಕ ಮಗ್ಗಕ್ಕೆ ಕೂಡಬಾರದೆಂಬುದು ಮಾವನವರ ಕಾಲದಿಂದ ನಡೆದುಬಂದ ಕಟ್ಟುಪಾಡು, ಅದನ್ನು ನಾವು ಇಂದಿಗೂ ಮುರಿದಿಲ್ಲ.

ನಮ್ಮ ಅತ್ತೆಯವರಿಗೆ ಆಗ 86 ವರ್ಷ. 85 ದಾಟಿದವರು 12-ಡಿ ನಮೂನೆ ತುಂಬಿಕೊಟ್ಟರೆ ಸಿಬ್ಬಂದಿಯೇ ಮನೆಗೆ ಬಂದು ಮತ ಪಡೆಯುವ ವ್ಯವಸ್ಥೆ ಇತ್ತು. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರವೆಂಬುದರಲ್ಲಿ ಎರಡು ಮಾತಿಲ್ಲ. ಅತ್ತೆಯವರು ಮಾತ್ರ “ಕಾಲು ಇನ್ನೂ ನಡೀತಾವ ನೋಡವಾ, ಸಾಲಿಗೇ ಹೋಗಿ ಹಾಕ್ತೀನಿ” ಎಂದರು. ಇಳಕಲ್ ಸೀರೆಯ ಸೆರಗು ಹೊದ್ದು, ಗುರುತಿನ ಚೀಟಿಯನ್ನು ಎಲೆಯಡಿಕೆ ಸಂಚಿಯೊಳಗೆ ಇಟ್ಟುಕೊಂಡು, ಬೆಳಗಿನ 7 ಗಂಟೆಗೆ ಬಾಗಿಲು ತೆರೆಯುವ ಮೊದಲೇ ಅವರು ಸರದಿಯಲ್ಲಿ ನಿಂತಿದ್ದರು.

ಅವರ ಹೆಸರು ತಕ್ಷಣ ಸಿಕ್ಕಿತು. ನನ್ನದು ಸಿಗಲಿಲ್ಲ. ಹಿಂದಿನ ವರ್ಷ ಮೇ 10ರಂದು, ವಿಧಾನಸಭಾ ಚುನಾವಣೆಯಲ್ಲಿ, ಇದೇ ಶಾಲೆಯ ಇದೇ ಕೊಠಡಿಯಲ್ಲಿ ನಾನು ಮತ ಹಾಕಿದ್ದೆ. ಮನೆ ಬದಲಾಗಿರಲಿಲ್ಲ, ಓಣಿ ಬದಲಾಗಿರಲಿಲ್ಲ. ಮತಗಟ್ಟೆಯ ಸಿಬ್ಬಂದಿ ಸೌಜನ್ಯದಿಂದಲೇ ಪಟ್ಟಿಯನ್ನು ಎರಡು ಸಲ ತಿರುವಿ ಹಾಕಿದರು. ಮನೆಯಲ್ಲಿ ವಾಸವಿಲ್ಲವೆಂದು ಹೆಸರು ತೆಗೆದಿರಬಹುದು ಎಂದರು. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕುವಂತಿಲ್ಲ ಎಂಬ ಮಾತು ನನ್ನಂಥ ಎಷ್ಟೋ ಜನರಿಗೆ ಗೊತ್ತಾಗುವುದು ಆ ಬಾಗಿಲಲ್ಲಿ ನಿಂತಾಗಲೇ.

ಹೊರಗೆ ಬೇವಿನ ಗಿಡದ ನೆರಳಿನಲ್ಲಿ ಅತ್ತೆಯವರ ದಾರಿ ಕಾಯುತ್ತ ನಿಂತಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತಪ್ಪು ನನ್ನದಲ್ಲದಿದ್ದರೂ, ಸರದಿಯಲ್ಲಿದ್ದ ಪರಿಚಯದವರು “ಯಾಕ, ಆಗಲಿಲ್ಲೇನು?” ಎಂದು ಕೇಳಿದಾಗ ತಲೆ ತಗ್ಗಿಸಿದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ 1989ರಲ್ಲಿಯೇ ನಾನು ಮೊದಲ ಮತ ಹಾಕಿದವಳು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆದ ಆ ವರ್ಷ ಎರಡು ಮತಪತ್ರಗಳಿಗೆ ಮುದ್ರೆಯೊತ್ತಿ, ಶಾಯಿ ಕಲೆಸದಂತೆ ಮಡಚಿ, ಪೆಟ್ಟಿಗೆಗೆ ಹಾಕಿದಾಗ ಕೈ ನಡುಗಿದ್ದು ಇನ್ನೂ ನೆನಪಿದೆ. ಅಲ್ಲಿಂದ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ. ಅತ್ತೆಯವರು ಹೊರಗೆ ಬಂದರು. ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬಾಗಿದ ಎಡಗೈ ತೋರುಬೆರಳಿನ ಮೇಲೆ, ಉಗುರಿನಿಂದ ಕೆಳಕ್ಕೆ ಎಳೆದ ಶಾಯಿಯ ಗೆರೆ ಇನ್ನೂ ಹಸಿಯಾಗಿತ್ತು. ಅವರು ಮಾತಾಡದೆ ನನ್ನ ಬೆರಳು ಹಿಡಿದು ನೋಡಿದರು.

ಆಮೇಲೆ ನಾನು ನಮೂನೆ 6 ತುಂಬಿಕೊಟ್ಟೆ, ಹೆಸರು ಮರಳಿ ಸೇರಿತು. ಆದರೆ ಆ ಮತ ಮರಳಿ ಬರುವಂಥದ್ದಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೆಸರು ಸೇರಿಸಲು ಬರುವುದಿಲ್ಲ. ವಾಸವಿಲ್ಲವೆಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ನನ್ನ ಕೈಗೆ ಅಂಥ ಒಂದು ನೋಟಿಸೂ ಬರಲಿಲ್ಲ.

ಪಟ್ಟಿಯಲ್ಲಿ ಹೆಸರಿದೆಯೇ ಎಂದು ಚುನಾವಣಾ ಆಯೋಗದ ಜಾಲತಾಣದಲ್ಲಿ ನೋಡಿಕೊಳ್ಳಬಹುದು, ಮತದಾರರ ಸಹಾಯವಾಣಿಯ 1950 ಸಂಖ್ಯೆಗೆ ಕರೆ ಮಾಡಬಹುದು ಎನ್ನುವುದು ನಿಜ. ಆದರೆ ತನ್ನ ಹೆಸರು ಹೋಗಿದೆಯೆಂಬ ಸಂಶಯವೇ ಇಲ್ಲದವರು ಯಾಕೆ ನೋಡಿಯಾರು? ಆದ್ದರಿಂದ ನನ್ನ ವಿನಂತಿ ಇಷ್ಟು. ಹೆಸರು ತೆಗೆಯಬೇಕೆಂದು ಗುರುತಿಸಿದವರ ಪಟ್ಟಿಯನ್ನು ಆಯಾ ವಾರ್ಡಿನ ನ್ಯಾಯಬೆಲೆ ಅಂಗಡಿಯ ಗೋಡೆಗೆ ದೊಡ್ಡ ಅಕ್ಷರಗಳಲ್ಲಿ ಅಂಟಿಸಬೇಕು. ಅಕ್ಕಿ ಕೊಡುವ ದಿನ ಓದು ಬಾರದವರೂ ಅಲ್ಲಿಗೆ ಬಂದೇ ಬರುತ್ತಾರೆ. ಅಂದು ಮತಗಟ್ಟೆ ಮಟ್ಟದ ಅಧಿಕಾರಿಗಳು (ಬಿಎಲ್‌ಒ) ಒಂದರ್ಧ ತಾಸು ನಿಂತು ಆ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ, “ಅವರು ಇಲ್ಲೇ ಅದಾರ್ರಿ” ಎಂದು ಹೇಳಲು ಓಣಿಯವರು ಇದ್ದೇ ಇರುತ್ತಾರೆ. ಜಿಲ್ಲಾಡಳಿತ ಇದಕ್ಕೆ ಒಪ್ಪಿದರೆ ನಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಸೇರಿಸುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.

ಇಂತಿ,
ಒಬ್ಬ ಮತದಾರಳು
ಬೆಟಗೇರಿ, ಗದಗ