ಶನಿವಾರದ ‘ಕೆಲಸದ ಪರಿಚಯ’: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಬೇರೆ ಬೇರೆ ಕಸುಬಿನವರು ಬಂದು ತಮ್ಮ ಕೆಲಸದ ಬಗ್ಗೆ ಹೇಳುವ, ವರ್ಕ್‌ಶಾಪ್ ತೋರಿಸುವ ‘ಕೆಲಸದ ಪರಿಚಯ’ವನ್ನು ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಶನಿವಾರ ನಡೆಸುತ್ತಿದ್ದೆವು. ಅದು ಯಾಕೆ ನಿಂತಿತು ಎಂದು ಕೆಲವರು ಕೇಳಿದ್ದೀರಿ. ತಪ್ಪು ನನ್ನದೇ. ಎಲ್ಲವನ್ನೂ ಒಬ್ಬ ಮೇಷ್ಟ್ರ ಹೆಗಲಿಗೆ ಹಾಕಿದ್ದೆ. ಯಾರನ್ನು ಕರೆಯಬೇಕು, ಯಾವ ವರ್ಕ್‌ಶಾಪ್‌ಗೆ ಹೋಗಬೇಕು, ಎಲ್ಲ ಅವರ ಫೋನಿನಲ್ಲೇ ಇತ್ತು. ಅವರಿಗೆ ವರ್ಗವಾಯಿತು, ಕಾರ್ಯಕ್ರಮವೂ ನಿಂತಿತು.

ಈ ಸಲ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಬರುವವರ ಹೆಸರು, ಕಸುಬು, ಬಿಡುವಿನ ದಿನ ಅದರಲ್ಲಿರುತ್ತದೆ. ಇಬ್ಬರು ಶಿಕ್ಷಕರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಇಬ್ಬರು ನೋಡಿಕೊಳ್ಳುತ್ತಾರೆ. ನಿಮ್ಮಿಂದ ದುಡ್ಡು ಕೇಳುತ್ತಿಲ್ಲ. ಒಂದು ಶನಿವಾರ, ಒಂದು ಗಂಟೆ ಕೊಡಿ.

‘ನಾನು ಓದಿದವನಲ್ಲ, ನಾನೇನು ಹೇಳಲಿ ಮೇಡಂ’ ಎನ್ನಬೇಡಿ. ಕಳೆದ ವರ್ಷ ಮಂಡಕ್ಕಿ ಭಟ್ಟಿಯ ಒಬ್ಬ ತಂದೆ ಬಂದಿದ್ದರು. ಭತ್ತ ನೆನೆಸುವುದರಿಂದ ಹಿಡಿದು ಚೀಲಕ್ಕೆ ಎಷ್ಟು ಉಳಿಯುತ್ತದೆ ಎಂಬವರೆಗೆ ಹೇಳಿದರು. ಹೊಗೆಯ ಕಷ್ಟ, ಮಳೆಗಾಲದಲ್ಲಿ ಭತ್ತ ಒಣಗದ ಪರದಾಟ, ಯಾವುದನ್ನೂ ಮುಚ್ಚಿಡಲಿಲ್ಲ. ನಾನು ಬೋರ್ಡಿನ ಮೇಲೆ ಲಾಭ ನಷ್ಟದ ಲೆಕ್ಕ ಬರೆದರೆ ಆಕಳಿಸುವ ಹುಡುಗರು ಅವತ್ತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ.

ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಅಪ್ಪ ಮಿಲ್ಲಿನಲ್ಲಿದ್ದರೆ ಮಗನಿಗೂ ಒಂದು ದಾರಿ ಕಾಣುತ್ತಿತ್ತು. ಮಿಲ್ಲುಗಳು ಮುಚ್ಚಿದವು. ಈಗ ಎಸ್ಸೆಸ್ಸೆಲ್ಸಿ ಆದ ಮೇಲೆ ಗೆಳೆಯ ಎಲ್ಲಿ ಸೇರಿದನೋ ಅಲ್ಲಿಗೇ ಸುಮ್ನೆ ಸೇರುವವರೇ ಜಾಸ್ತಿ. ಪಿಯುಸಿ ಒಂದೇ ದಾರಿಯಲ್ಲ, ಐಟಿಐ ಇದೆ, 3 ವರ್ಷದ ಡಿಪ್ಲೊಮಾ ಇದೆ. 2 ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂದು ಹೆದರಬೇಡಿ. ಎಲೆಕ್ಟ್ರಿಷಿಯನ್ ಟ್ರೇಡ್ ಹೆಣ್ಣುಮಕ್ಕಳಿಗೂ ಇದೆ.

ಮಕ್ಕಳನ್ನು ಕೆಲಸಕ್ಕೆ ಹಚ್ಚುತ್ತಾರೇನೋ ಎಂಬ ಅನುಮಾನ ಬೇಡ. ವರ್ಕ್‌ಶಾಪ್‌ನಲ್ಲಿ ನೋಡುತ್ತಾರೆ, ಕೇಳುತ್ತಾರೆ, ವಾಪಸ್ ಬರುತ್ತಾರೆ. ಮಷಿನ್ ಮುಟ್ಟುವಂತಿಲ್ಲ. ಶಿಕ್ಷಕರು ಜೊತೆಗೇ ಇರುತ್ತಾರೆ.

ಮುಂದಿನ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪೋಷಕರ ಸಭೆ ಇದೆ. ರಿಜಿಸ್ಟರ್ ನನ್ನ ಟೇಬಲ್ ಮೇಲಿರುತ್ತದೆ. ಟೈಲರಿಂಗ್ ಮಾಡುವ ತಾಯಂದಿರು, ಲಾರಿ ಓಡಿಸುವವರು, ಹೋಟೆಲಿನವರು, ಯಾರಾದರೂ ಸರಿ, ಹೆಸರು ಬರೆಸಿ. ಬರಲಾಗದವರು ಒಂದು ಚೀಟಿ ಬರೆದು ಮಗುವಿನ ಕೈಲಿ ಕಳಿಸಿ. ಬೆಣ್ಣೆ ದೋಸೆಯವರು ಬಂದರೆ ಬರಿಗೈಲಿ ಬರಬಾರದಂತೆ. ಇದು ಮಕ್ಕಳ ಬೇಡಿಕೆ, ನನ್ನದಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ದಾವಣಗೆರೆ