ಆಟಗಾರರ ಭಾವಚಿತ್ರ ಬರೆಸುವವರಿಗೆ: ಯುಗಾದಿಯಿಂದ ಹೊಸ ಕ್ರಮ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ಯುಗಾದಿಯಿಂದ ಆಟಗಾರರ ಭಾವಚಿತ್ರಗಳಿಗೆ ನಮ್ಮ ಕಲಾವಿದರ ಸಹಕಾರ ಸಂಘ ಆರ್ಡರ್ ತೆಗೆದುಕೊಳ್ಳುವ ರೀತಿ ಬದಲಾಗುತ್ತದೆ. ಯಾರು ತೆಗೆದದ್ದೆಂದೇ ಗೊತ್ತಿಲ್ಲದ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಫೋಟೋ ನೋಡಿ ಇನ್ನು ಮುಂದೆ ನಾವು ಚಿತ್ರ ಬರೆಯುವುದಿಲ್ಲ. ಆಟಗಾರರು ಕಲಾವಿದರ ಎದುರು ಕುಳಿತು ಬರೆಸಿಕೊಂಡರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಅವರ ಮನೆಯವರು ಕೊಟ್ಟ ಫೋಟೋ, ಇಲ್ಲವೇ ತೆಗೆದವರ ಲಿಖಿತ ಒಪ್ಪಿಗೆ ಇರುವ ಫೋಟೋ ಬೇಕು.

ಕಾರಣ ಹೇಳಬೇಕು. ಕ್ರಿಕೆಟ್ ಮೈದಾನದ ಗೆರೆಯಾಚೆ ನಿಂತು ಉದ್ದ ಲೆನ್ಸಿನಲ್ಲಿ ತೆಗೆದ ಫೋಟೋದಲ್ಲಿ ಮುಖ ಚಪ್ಪಟೆಯಾಗಿ ಬರುತ್ತದೆ. ಕಣ್ಣು ಹೆಲ್ಮೆಟ್ಟಿನ ನೆರಳಿನಲ್ಲಿರುತ್ತದೆ. ಅದೇ ಫೋಟೋ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ನಮಗೆ ತಲುಪುವಷ್ಟರಲ್ಲಿ ಮೈಬಣ್ಣವೂ ಕೆಟ್ಟಿರುತ್ತದೆ. ಇಲ್ಲದ್ದನ್ನೆಲ್ಲ ಕಲಾವಿದರು ಊಹೆಯಿಂದ ತುಂಬಬೇಕಾಗುತ್ತದೆ. ಹೀಗಾದಾಗ ಜರ್ಸಿ ಮಾತ್ರ ಆಟಗಾರರದ್ದು, ಮುಖ ಇನ್ಯಾರದ್ದೋ. ಮನೆಯ ಹಜಾರದಲ್ಲಿ ತಲೆಮಾರುಗಟ್ಟಲೆ ತೂಗುವ ಚಿತ್ರ ಹಾಗಿರಬಾರದು.

ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದಲ್ಲಿ 2025ರ ಜುಲೈನಲ್ಲಿ ಅನಾವರಣಗೊಂಡ ಸಚಿನ್ ತೆಂಡೂಲ್ಕರ್ ಭಾವಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಕಲಾವಿದ ಸ್ಟುವರ್ಟ್ ಪಿಯರ್ಸನ್ ರೈಟ್ ಅದನ್ನು ಬರೆದದ್ದು, ಮುಂಬೈನ ಸಚಿನ್ ಮನೆಯಲ್ಲಿ ಅದಕ್ಕೂ 18 ವರ್ಷ ಹಿಂದೆ ತಾವೇ ತೆಗೆದುಕೊಂಡ ಫೋಟೋ ಇಟ್ಟುಕೊಂಡು. ಕೈಯಲ್ಲಿ ಬ್ಯಾಟಿಲ್ಲ, ಮುಗಿಲಿಗೆತ್ತಿದ ನೋಟವಿಲ್ಲ. ತಲೆ, ಭುಜ ಅಷ್ಟೆ. ಕಪಿಲ್ ದೇವ್, ಬಿಷನ್ ಬೇಡಿ, ದಿಲೀಪ್ ವೆಂಗಸರ್ಕರ್ ಅವರನ್ನೂ ಇದೇ ಕಲಾವಿದರು ಬರೆದಿದ್ದಾರೆ. ಎದುರಿಗೆ ಕೂತು ನೋಡಿದವರ ಕೈಯಿಂದ ಬಂದ ಚಿತ್ರಕ್ಕೆ ಇರುವ ಬಲವೇ ಬೇರೆ. ನಾವು ಚಿಕ್ಕವರಾದರೂ ಆ ಹಾದಿಯಲ್ಲೇ ನಡೆಯಬೇಕೆಂದಿದ್ದೇವೆ.

ಇದರ ಜೊತೆಗೇ ಇನ್ನೊಂದು ಮಾತು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರ ಚಿತ್ರಕ್ಕೆ ಬೇಡಿಕೆ ಎಂದೂ ಇಳಿದಿಲ್ಲ. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈ ಅವರದು. ಅದೇ ಕೈ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತಿತು, ಇಂಗ್ಲೆಂಡ್ 101ಕ್ಕೆ ಆಲೌಟಾಯಿತು, ಆ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದು ಸರಣಿಯನ್ನೂ ಗೆದ್ದಿತು. 'ಚಂದ ಕಾಣಲಿ, ಎರಡೂ ಕೈ ಒಂದೇ ಸಮ ಬರೆದುಕೊಡಿ' ಎಂದು ಯಾರಾದರೂ ಕೇಳಿದರೆ ನಾವು ಒಪ್ಪುವುದಿಲ್ಲ. ಆ ಕೈಯನ್ನು ಇದ್ದ ಹಾಗೆ ಬರೆಯುವುದೇ ಅವರಿಗೆ ಸಲ್ಲಿಸುವ ಗೌರವ. ಪೈಲ್ವಾನರ ಮುರಿದ ಕಿವಿ, ಹಾಕಿ ಆಟಗಾರ್ತಿಯ ಹುಬ್ಬಿನ ಮೇಲಿನ ಹೊಲಿಗೆ ಗುರುತು, ಯಾವುದನ್ನೂ ಅಳಿಸುವುದಿಲ್ಲ. ಈ ವಿಷಯದಲ್ಲಿ ದಯವಿಟ್ಟು ಒತ್ತಾಯ ಮಾಡಬೇಡಿ.

ಹಳೆಯ ಆಟಗಾರರ ಚಿತ್ರ ಬೇಕಾದವರು ಚಿಂತಿಸಬೇಕಾಗಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 2012ರ ತಿದ್ದುಪಡಿಯವರೆಗೆ, ಪ್ರಕಟವಾದ ಫೋಟೋಗೆ 60 ವರ್ಷದ ರಕ್ಷಣೆ ಇತ್ತು; ಅಷ್ಟರಲ್ಲೇ ಆ ಅವಧಿ ಮುಗಿದಿದ್ದ ಫೋಟೋಗಳಿಗೆ ಈಗ ಹಕ್ಕಿನ ತೊಡಕಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ನಮ್ಮ ಫುಟ್‌ಬಾಲ್ ತಂಡಕ್ಕಾಗಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರಂಥವರ, ಆ ದಿನಗಳ ಪತ್ರಿಕೆಗಳಲ್ಲಿ ಅಚ್ಚಾದ ಫೋಟೋ ಸಿಕ್ಕರೆ ಧಾರಾಳವಾಗಿ ಬಳಸಬಹುದು. ಯಾವ ಪತ್ರಿಕೆ, ಯಾವ ವರ್ಷ ಎಂದು ಗೊತ್ತಿದ್ದರೆ ಸಾಕು.

ಬರೆಸಿದ ಚಿತ್ರದ ಹಕ್ಕು ಯಾರದು ಎಂದು ಹಲವರು ಕೇಳುತ್ತೀರಿ. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಬರೆಸಿದವರೇ ಅದರ ಹಕ್ಕುಸ್ವಾಮ್ಯದ ಮೊದಲ ಒಡೆಯರು. ಕಾಯ್ದೆ ಹೇಳುವುದೂ ಇದನ್ನೇ, ನಾವು ಪಾಲಿಸುವುದೂ ಇದನ್ನೇ. ಆದರೆ ಆಟಗಾರರ ಮುಖವನ್ನು ಅಂಗಡಿಯ ಬೋರ್ಡಿಗೋ ಜಾಹೀರಾತಿಗೋ ಬಳಸಬೇಕೆಂದಿದ್ದರೆ ಅವರ ಅನುಮತಿಯನ್ನು ನೀವೇ ಪಡೆದು ತರಬೇಕು. ಇದನ್ನು ಇನ್ನು ಮುಂದೆ ಆರ್ಡರ್ ಫಾರಂನಲ್ಲೇ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ.

ಸಂಗ್ರಹಕಾರರಿಗೆ ಸಂತೋಷದ ಸಂಗತಿಯೂ ಒಂದಿದೆ. ಪ್ರತಿ ಚಿತ್ರದ ಹಿಂಬದಿಗೆ ಆಟಗಾರರ ಹೆಸರು, ಕಲಾವಿದರ ಹೆಸರು, ಆಧಾರವಾದ ಫೋಟೋ ಯಾರದು, ಬರೆದ ವರ್ಷ, ಬಳಸಿದ ಬಣ್ಣ, ಇಷ್ಟನ್ನೂ ನಮೂದಿಸಿದ ಚೀಟಿ ಅಂಟಿಸಿ ಕೊಡುತ್ತೇವೆ. ಮುಂದೆ ಚಿತ್ರ ಕೈ ಬದಲಾದರೂ ಅದರ ಪೂರ್ವೋತ್ತರ ಅದರ ಜೊತೆಗೇ ಹೋಗುತ್ತದೆ.

ದರದಲ್ಲಿ ಬದಲಾವಣೆ ಇಲ್ಲ. ಛಾಯಾಗ್ರಾಹಕರು ಗೌರವಧನ ಕೇಳಿದರೆ ಅದು ಮಾತ್ರ ಪ್ರತ್ಯೇಕ, ಮೊದಲೇ ತಿಳಿಸುತ್ತೇವೆ. ಸಮಯ ಮೊದಲಿಗಿಂತ ಹೆಚ್ಚು ಹಿಡಿಯುತ್ತದೆ; ಮದುವೆ, ನಿವೃತ್ತಿ ಸಮಾರಂಭಕ್ಕೆ ಬೇಕಿದ್ದರೆ ಬಹಳ ಮುಂಚಿತವಾಗಿ ಹೇಳಿ. ತೈಲವರ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಹಾಗಾಗಿ ಚಿತ್ರವನ್ನು ಮನೆಗೆ ಒಯ್ದು ಆರು ತಿಂಗಳಾದ ಮೇಲೆ ಮತ್ತೊಮ್ಮೆ ತಂದುಕೊಟ್ಟರೆ ವಾರ್ನಿಶ್ ಹಚ್ಚಿಕೊಡುತ್ತೇವೆ, ಅದಕ್ಕೆ ಹಣವಿಲ್ಲ.

ಈಗಾಗಲೇ ಮುಂಗಡ ಕೊಟ್ಟಿರುವ ಆರ್ಡರುಗಳಿಗೆ ಹಳೆಯ ಕ್ರಮವೇ ಅನ್ವಯ. ಹೊಸ ಕ್ರಮದಲ್ಲಿ ಬರೆಸಬೇಕೆನ್ನುವವರು ಸರಿಯಾದ ಫೋಟೋ ತಂದರೆ ಬದಲಿಸಿಕೊಡುತ್ತೇವೆ, ಬೇಡವೆನ್ನುವವರಿಗೆ ಮುಂಗಡ ಪೂರ್ತಿ ವಾಪಸ್.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಕಬಡ್ಡಿ, ಖೋ ಖೋ, ಕುಸ್ತಿ, ಹಾಕಿ ಆಡಿದ ಹಿರಿಯರಿದ್ದರೆ ಅವರ ಆಲ್ಬಂ ತನ್ನಿ. ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ತೆಗೆಸಿದ ಫೋಟೋ ಆದರೆ ಹಕ್ಕಿನ ತೊಡಕೂ ಸಾಮಾನ್ಯವಾಗಿ ಇರುವುದಿಲ್ಲ. ಆಲ್ಬಂ ಹೊರಗೆ ಕೊಡಲು ಮನಸ್ಸಿಲ್ಲದಿದ್ದರೆ ಮೈಸೂರಿನೊಳಗೆ ನಾವೇ ಮನೆಗೆ ಬಂದು ಪ್ರತಿ ತೆಗೆದುಕೊಳ್ಳುತ್ತೇವೆ. ಬರುವ ದಿನವನ್ನು ಸಂಘದ ಕಚೇರಿಯಲ್ಲಿ ಬರೆಸಿ ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಕಲಾವಿದರ ಸಹಕಾರ ಸಂಘ, ಮೈಸೂರು